ಕೃಷಿ ಹೊಂಡದ ಕೆಸರಂಚಿನಲ್ಲಿ ವಲಸೆ ಗೊರವಗಳನ್ನು ಹುಡುಕುವುದು ಹೇಗೆ

ತುಂಬಿ ತುಳುಕುವ ಕೃಷಿ ಹೊಂಡದ ಮುಂದೆ ದುರ್ಬೀನು ಹಿಡಿದು ನಿಂತವರನ್ನು ಬಹಳ ಸಲ ನೋಡಿದ್ದೇನೆ. ಅವರಿಗೆ ಬಾತುಗಳು ಸಿಗಬಹುದು, ನೀರುಕೋಳಿ ಸಿಗಬಹುದು. ಗೊರವಗಳು ಸಿಗುವುದು ಅಪರೂಪ. ಸಾವಿರಾರು ಕಿಲೋಮೀಟರ್ ಹಾರಿ ಬರುವ ಈ ಪುಟ್ಟ ಹಕ್ಕಿಗಳಿಗೆ ಬೇಕಾದದ್ದು ನೀರು ಹಿಂದೆ ಸರಿಯುವಾಗ ಬಿಟ್ಟುಹೋಗುವ ಹಸಿ ಕೆಸರು. ಆ ಕೆಸರು ಯಾವ ಹೊಂಡದಲ್ಲಿ, ಯಾವ ವಾರ ತೆರೆದುಕೊಳ್ಳುತ್ತದೆ ಎಂದು ಮೊದಲೇ ಅಂದಾಜು ಮಾಡಲು ಕಲಿತರೆ ಹುಡುಕಾಟದ ಮುಕ್ಕಾಲು ಪಾಲು ಮುಗಿದಂತೆ.

ಆಳವಿಲ್ಲದ ನೀರು, ಕೆಸರಿನಲ್ಲಿ ನಡೆದು ಮೇಯುವ, ಹಕ್ಕಿ ವೀಕ್ಷಕರು ವೇಡರ್ ಎಂದು ಕರೆಯುವ ಗುಂಪು ದೊಡ್ಡದು. ಗೊರವ, ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಎಲ್ಲವೂ ಅದರಲ್ಲಿ ಸೇರುತ್ತವೆ. ಕನ್ನಡದ ಹೆಸರುಗಳು ಒಂದೊಂದು ಪಟ್ಟಿಯಲ್ಲಿ ಒಂದೊಂದು ರೀತಿ ಇರುವುದರಿಂದ, ಒಂದೊಂದು ಜಾತಿಯನ್ನು ಹೇಳುವಾಗ ವೀಕ್ಷಕರ ಬಾಯಲ್ಲಿರುವ ಇಂಗ್ಲಿಷ್ ಹೆಸರನ್ನೇ ಇಲ್ಲಿ ಬಳಸಿದ್ದೇನೆ. ಈ ಗುಂಪಿನ ಹಕ್ಕಿಗಳಲ್ಲಿ ಕೆಲವು ಸಮುದ್ರ ತೀರ ಬಿಟ್ಟು ಕದಲುವುದಿಲ್ಲ. ಆದರೆ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್, ಲಿಟಲ್ ಸ್ಟಿಂಟ್, ಟೆಮ್ಮಿಂಕ್ಸ್ ಸ್ಟಿಂಟ್, ಲಿಟಲ್ ರಿಂಗ್ಡ್ ಪ್ಲೋವರ್, ಸ್ನೈಪ್, ಗ್ರೀನ್‌ಶ್ಯಾಂಕ್, ರಫ್ ಮುಂತಾದವು ಒಳನಾಡಿನ ಸಿಹಿನೀರಿಗೆ ಒಗ್ಗಿಕೊಂಡವು. ಹೊಲದ ನಡುವಿನ ಹೊಂಡದಲ್ಲಿ ಕಾಣುವುದು ಹೆಚ್ಚಾಗಿ ಇವೇ.

ಮೊದಲ ಹೆಜ್ಜೆ: ಕೆಸರನ್ನು ಓದಲು ಕಲಿಯಿರಿ

ಹೊಂಡದ ಅಂಚಿಗೆ ಹೋದಾಗ ಹಕ್ಕಿಗಿಂತ ಮೊದಲು ದಡವನ್ನು ನೋಡಿ. ನೀರಿನಿಂದ ಹೊರಕ್ಕೆ ಮೂರು ಪಟ್ಟಿಗಳು ಕಾಣಿಸಬೇಕು: ಅಂಗೈ ಆಳದ ನೀರು, ಅದರ ಪಕ್ಕದಲ್ಲಿ ಬಿಸಿಲಿಗೆ ಹೊಳೆಯುವ ಒದ್ದೆ ಕೆಸರು, ಅದರಾಚೆ ಬಣ್ಣ ಮಾಸುತ್ತಿರುವ ಅರೆಒಣ ಕೆಸರು. ಮೊದಲ ಎರಡು ಪಟ್ಟಿಗಳಲ್ಲೇ ಬಹುತೇಕ ಹಕ್ಕಿಗಳು ಮೇಯುತ್ತವೆ. ಸ್ಟಿಂಟ್‌ನಂತಹ ಸಣ್ಣವು ಕೆಸರಿನ ಮೇಲೆ ಮತ್ತು ಎರಡು ಮೂರು ಸೆಂಟಿಮೀಟರ್ ನೀರಿನಲ್ಲಿ ಓಡಾಡುತ್ತವೆ. ಉದ್ದ ಕಾಲಿನ ಗ್ರೀನ್‌ಶ್ಯಾಂಕ್, ಮೆಟ್ಟುಗಾಲು ಹಕ್ಕಿಗಳು ಇನ್ನಷ್ಟು ಒಳಗೆ ಇಳಿಯುತ್ತವೆ. ನೀರು ಮೊಣಕಾಲಿನಷ್ಟು ಆಳವಾಯಿತೆಂದರೆ ಅದು ಬಾತುಗಳ ಜಾಗ.

ಒದ್ದೆ ಕೆಸರು ಏಕೆ ಮುಖ್ಯ ಎಂದರೆ ಊಟ ಇರುವುದು ಅಲ್ಲಿ. ಕಚ್ಚದ ಸೊಳ್ಳೆಗಳೆಂದು ಹೇಳಬಹುದಾದ ಕೈರೊನೊಮಿಡ್ ನೊಣಗಳ ಕೆಂಪು ಮರಿಹುಳುಗಳು, ಜೀರುಂಡೆಯ ಮರಿಗಳು, ಎರೆಹುಳುವಿನ ಜಾತಿಯ ಸಣ್ಣ ಹುಳುಗಳು ಮೇಲ್ಪದರದಲ್ಲೇ ತುಂಬಿರುತ್ತವೆ. ನೀರು ಇಳಿದಂತೆಲ್ಲ ದಿನಕ್ಕೊಂದು ಹೊಸ ಗೆರೆಯಷ್ಟು ಕೆಸರು ಬಯಲಾಗುತ್ತದೆ, ಹಕ್ಕಿಗಳು ಆ ಗೆರೆಯ ಹಿಂದೆಯೇ ಹೋಗುತ್ತವೆ. ಕೆಸರು ಒಣಗಿ ಬಿರುಕು ಬಿಟ್ಟ ಮೇಲೆ ಹುಳುಗಳು ಆಳಕ್ಕೆ ಇಳಿಯುತ್ತವೆ ಅಥವಾ ಸಾಯುತ್ತವೆ, ಕೊಕ್ಕೂ ನಾಟುವುದಿಲ್ಲ. ಹಾಗಾಗಿ ಒಂದು ಹೊಂಡದ ಒಳ್ಳೆಯ ಕಾಲ ಎಂದರೆ ಕೆಲವೇ ವಾರಗಳು. ಅದು ವಲಸೆಯ ತಿಂಗಳುಗಳಲ್ಲಿ ಬಿದ್ದರೆ ಮಾತ್ರ ನಮಗೆ ಉಪಯೋಗ.

ದಡದ ಇಳಿಜಾರನ್ನು ಗಮನಿಸಿ. ಯಂತ್ರದಿಂದ ಗೋಡೆಯಂತೆ ಕಡಿದಾಗಿ ಅಗೆದ ಹೊಂಡದಲ್ಲಿ ನೀರು ಒಂದು ಮೀಟರ್ ಇಳಿದರೂ ಕೆಸರಿನ ಪಟ್ಟಿ ಒಂದು ಗೇಣು ದಾಟುವುದಿಲ್ಲ. ತಟ್ಟೆಯಂತೆ ಹರಡಿಕೊಂಡ ಹೊಂಡದಲ್ಲಿ ಅರ್ಧ ಅಡಿ ಇಳಿದರೂ ಹತ್ತು ಮೀಟರ್ ಕೆಸರು ತೆರೆದುಕೊಳ್ಳಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳನ್ನು ಪಟ್ಟಿಯಿಂದ ತೆಗೆದುಹಾಕಿ. ಅಲ್ಲಿ ಕೆಸರೇ ಇಲ್ಲ. ಹೆಚ್ಚೆಂದರೆ ಅಂಚಿನಲ್ಲಿ ಬಾಲ ಕುಣಿಸುತ್ತ ನಡೆಯುವ ಒಂದು ಕಾಮನ್ ಸ್ಯಾಂಡ್‌ಪೈಪರ್ ಸಿಕ್ಕೀತು.

ದನ, ಎಮ್ಮೆ ಇಳಿಯುವ ಹೊಂಡ ಸಿಕ್ಕಿದರೆ ಅದನ್ನು ಬಿಡಬೇಡಿ. ನನ್ನ ಲೆಕ್ಕದಲ್ಲಿ ಇವೇ ಅತ್ಯುತ್ತಮ. ಗೊರಸುಗಳು ಜೊಂಡನ್ನು ತುಳಿದು ಅಂಚನ್ನು ಬಯಲಾಗಿಡುತ್ತವೆ, ಸಗಣಿ ಬಿದ್ದಲ್ಲಿ ಹುಳು ಹೆಚ್ಚುತ್ತದೆ, ಗೊರಸಿನ ಒಂದೊಂದು ಗುಳಿಯೂ ಪುಟ್ಟ ಕೊಳವಾಗಿ ನಿಲ್ಲುತ್ತದೆ. ಹೊರನೋಟಕ್ಕೆ ಅಸಹ್ಯವೆನಿಸುವ, ಕಲಸಿದ ಆ ಮೂಲೆಯಲ್ಲೇ ಸ್ನೈಪ್ ಮತ್ತು ಟೆಮ್ಮಿಂಕ್ಸ್ ಸ್ಟಿಂಟ್ ಅಡಗಿ ಕುಳಿತಿರುತ್ತವೆ. ಮೀನು ಹಿಡಿಯಲು ನೀರು ಖಾಲಿ ಮಾಡಿದ ಮೀನುಕೊಳವೂ ಇಷ್ಟೇ ಒಳ್ಳೆಯದು. ಆದರೆ ಅದರ ಆಯುಷ್ಯ ಕೆಲವು ದಿನಗಳು ಮಾತ್ರ. ಖಾಲಿ ಮಾಡುವ ದಿನವನ್ನು ಮೊದಲೇ ಕೇಳಿ ತಿಳಿದುಕೊಂಡಿರಬೇಕು.

ಸುತ್ತಲಿನ ನೋಟವೂ ಲೆಕ್ಕಕ್ಕೆ ಬರುತ್ತದೆ. ಗಿಡುಗ ಮರದ ಮರೆಯಿಂದ ನುಗ್ಗೀತೆಂಬ ಭಯದಿಂದ ಹೆಚ್ಚಿನ ಗೊರವಗಳು ಬಯಲಿನ ನಡುವಿನ ಹೊಂಡವನ್ನು ಬಯಸುತ್ತವೆ. ಗ್ರೀನ್ ಸ್ಯಾಂಡ್‌ಪೈಪರ್ ಇದಕ್ಕೆ ಹೊರತು. ಮರಗಳ ನೆರಳಿನ ಇಕ್ಕಟ್ಟಾದ ಹೊಂಡ, ಕಾಲುವೆಯ ತಿರುವುಗಳಲ್ಲಿ ಅದು ಒಂಟಿಯಾಗಿ ದಿನಗಳನ್ನು ಕಳೆಯುತ್ತದೆ.

ಎರಡನೆಯ ಹೆಜ್ಜೆ: ಮನೆಯಲ್ಲೇ ಕುಳಿತು ಹೊಂಡಗಳ ಪಟ್ಟಿ ಮಾಡಿ

ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ವರ್ಷವಾರು ನೋಡುವ ಸೌಲಭ್ಯವಿದೆ. ನಿಮ್ಮ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ಹೊಲಗಳನ್ನು ಅದರಲ್ಲಿ ತೆರೆದು, ಬೇರೆ ಬೇರೆ ತಿಂಗಳ ಚಿತ್ರಗಳನ್ನು ಹೋಲಿಸಿ. ನೀರಿನ ಕಪ್ಪು ಕಲೆಯ ಸುತ್ತ ಮಾಸಲು ಬಣ್ಣದ ಅಗಲವಾದ ಉಂಗುರ ಕಂಡರೆ ಆ ಹೊಂಡದ ಇಳಿಜಾರು ಮೆಲ್ಲನೆಯದು ಎಂದರ್ಥ. ಎಲ್ಲ ಚಿತ್ರಗಳಲ್ಲೂ ಚೌಕಟ್ಟು ಹಾಕಿದಂತೆ ಒಂದೇ ಆಕಾರ ಕಂಡರೆ ಅದು ಕಡಿದಾದ ಅಥವಾ ಹಾಳೆ ಹಾಸಿದ ಹೊಂಡ.

ಈ ವಾರ ನೀರು ಎಷ್ಟಿದೆ ಎಂದು ತಿಳಿಯಲು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ನೆರವಾಗುತ್ತವೆ. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಇವು ಉಚಿತ. ಒಂದೇ ಜಾಗದ ಹೊಸ ಚಿತ್ರ ಸುಮಾರು 5 ದಿನಕ್ಕೊಮ್ಮೆ ಸಿಗುತ್ತದೆ. ಆದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಅಗಲಕ್ಕೆ ಸಮ. ಹೀಗಾಗಿ ಸಣ್ಣ ಹೊಂಡ ಎರಡು ಮೂರು ಚುಕ್ಕೆಯಲ್ಲೇ ಮುಗಿದುಹೋಗುತ್ತದೆ. ಮೋಡ ಕವಿದ ದಿನಗಳಲ್ಲಿ ಏನೂ ಕಾಣಿಸುವುದಿಲ್ಲ. ದೊಡ್ಡ ಕೆರೆಗಳಿಗೆ ಇದು ಒಳ್ಳೆಯ ಸಾಧನ. ಸಣ್ಣ ಹೊಂಡಗಳಿಗೆ ಸೈಕಲ್ ತುಳಿದು ಹೋಗಿ ನೋಡುವುದಕ್ಕಿಂತ ಉತ್ತಮ ಉಪಾಯ ನನಗೆ ಸಿಕ್ಕಿಲ್ಲ.

ವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ (eBird) ಜಾಲತಾಣದಲ್ಲಿ ನಿಮ್ಮ ಜಿಲ್ಲೆಯ ಪಟ್ಟಿ ತೆರೆದರೆ ಯಾವ ಜಾತಿ ಯಾವ ವಾರಗಳಲ್ಲಿ ದಾಖಲಾಗಿದೆ ಎಂಬ ಪಟ್ಟೆಚಿತ್ರ ಸಿಗುತ್ತದೆ. ಅದನ್ನು ಒಮ್ಮೆ ನೋಡಿಟ್ಟುಕೊಳ್ಳಿ. ದಾಖಲೆ ಇಲ್ಲದ ಹೊಂಡದಲ್ಲಿ ಹಕ್ಕಿ ಇಲ್ಲ ಎಂದುಕೊಳ್ಳಬೇಡಿ. ಬಹುತೇಕ ಹೊಲದ ಹೊಂಡಗಳನ್ನು ಯಾರೂ ನೋಡಿಯೇ ಇರುವುದಿಲ್ಲ.

ಮೂರನೆಯ ಹೆಜ್ಜೆ: ಕಾಲ

ಉತ್ತರ ಧ್ರುವದಂಚಿನ ಬಯಲುಗಳಲ್ಲಿ, ಉತ್ತರದ ಕಾಡಿನ ಜೌಗುಗಳಲ್ಲಿ ಮೊಟ್ಟೆಯಿಡುವ ಈ ಹಕ್ಕಿಗಳ ಬೇಸಿಗೆ ಬಹಳ ಚಿಕ್ಕದು. ಹಲವು ಜಾತಿಗಳಲ್ಲಿ ಹೆಣ್ಣು ಹಕ್ಕಿ ಮರಿಗಳನ್ನು ಗಂಡಿಗೆ ಒಪ್ಪಿಸಿ ಮೊದಲೇ ಹೊರಟುಬಿಡುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್‌ಗಳ ದಕ್ಷಿಣದ ಪಯಣ ಜೂನ್ ತಿಂಗಳಲ್ಲೇ ಶುರುವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಪ್ರಾಯದ ಹಕ್ಕಿಗಳು, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಆ ವರ್ಷ ಹುಟ್ಟಿದ ಮರಿಹಕ್ಕಿಗಳು ಹೆಚ್ಚಾಗಿ ಬರುತ್ತವೆ. ತಂದೆತಾಯಿಯರು ಹೋದ ಎಷ್ಟೋ ವಾರಗಳ ಮೇಲೆ, ದಾರಿ ತೋರುವವರಿಲ್ಲದೆ ಅವು ಬರುತ್ತವೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮಾತು ಕಟ್ಟುತ್ತದೆ. 2022ರ ಅಕ್ಟೋಬರ್‌ನಲ್ಲಿ ಇದೇ ಗುಂಪಿನ, ಸುಮಾರು ಐದು ತಿಂಗಳ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ 13,560 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿತು. ಉಪಗ್ರಹ ಟ್ಯಾಗ್ ಇದ್ದುದರಿಂದ ಅದು ಗೊತ್ತಾಯಿತು. ನಮ್ಮ ಹೊಂಡಕ್ಕೆ ಬರುವವು ಅಷ್ಟು ದೂರವನ್ನು ಒಂದೇ ಉಸಿರಿನಲ್ಲಿ ಹಾರುವುದಿಲ್ಲ. ಅಲ್ಲಲ್ಲಿ ಇಳಿದು ತಿಂದು ಮುಂದುವರಿಯುತ್ತವೆ. ಅದಕ್ಕಾಗಿಯೇ ಅವಕ್ಕೆ ಹೊಂಡ ಬೇಕು.

ಮರಳಿ ಉತ್ತರಕ್ಕೆ ಹೋಗುವ ಅಲೆ ಮಾರ್ಚ್‌ನಿಂದ ಮೇವರೆಗೆ. ಆಗ ಅವಸರ ಹೆಚ್ಚು, ತಂಗುವ ದಿನಗಳು ಕಡಿಮೆ, ಪುಕ್ಕದ ಬಣ್ಣ ಮಾತ್ರ ಅತ್ಯಂತ ಚೆಂದ. ಸಮಭಾಜಕದ ಸಮೀಪದ ನಾಡುಗಳಲ್ಲಿ ಕೆಲವು ಹಕ್ಕಿಗಳು ನಡುವಿನ ತಿಂಗಳುಗಳನ್ನೂ ಅಲ್ಲೇ ಕಳೆಯುತ್ತವೆ.

ದಿನವನ್ನು ಆರಿಸುವಾಗ ಹವಾಮಾನ ನೋಡಿ. ಇವು ಹೆಚ್ಚಾಗಿ ರಾತ್ರಿ ಹಾರುತ್ತವೆ. ರಾತ್ರಿ ಮಳೆ ಅಥವಾ ಎದುರುಗಾಳಿ ಎದುರಾದರೆ ಸಿಕ್ಕ ನೀರಿನ ಬಳಿ ಇಳಿದುಬಿಡುತ್ತವೆ. ಹೀಗಾಗಿ ವಲಸೆಯ ತಿಂಗಳಲ್ಲಿ ಗುಡುಗು ಮಳೆ ಸುರಿದ ಮರುದಿನದ ಬೆಳಗ್ಗೆ ಎಲ್ಲ ಕೆಲಸ ಬದಿಗಿಟ್ಟು ಹೊರಡುವುದು ನನ್ನ ಅಭ್ಯಾಸ. ಮಳೆ ವಿಪರೀತವಾಗಿ ಹೊಂಡ ತುಂಬಿ ಕೆಸರು ಮುಳುಗಿದ್ದರೆ ಪಕ್ಕದ ಹೊಲದಲ್ಲಿ ನಿಂತ ನೀರನ್ನು ನೋಡಿ, ಹಕ್ಕಿಗಳು ಅಲ್ಲಿಗೆ ಸರಿದಿರುತ್ತವೆ.

ನಾಲ್ಕನೆಯ ಹೆಜ್ಜೆ: ಹೊಲದವರನ್ನು ಮಾತನಾಡಿಸಿ

ಹೊಂಡ ಯಾರದೋ ದುಡಿಮೆಯ ಜಾಗ. ಒಪ್ಪಿಗೆ ಕೇಳದೆ ಒಳಗೆ ಕಾಲಿಡಬೇಡಿ. ಏನು ನೋಡಲು ಬಂದಿದ್ದೀರಿ ಎಂದು ಸರಳವಾಗಿ ಹೇಳಿ, ದುರ್ಬೀನನ್ನು ಅವರ ಕೈಗೂ ಕೊಡಿ. ‘ಬಾಲ ಕುಣಿಸುವ ಹಕ್ಕಿ ಹೋದ ವಾರದಿಂದ ಬರುತ್ತಿದೆ’ ಎಂಬಂತಹ ಮಾತು ಯಾವ ತಾಣದಲ್ಲೂ ಸಿಗುವುದಿಲ್ಲ, ಹೊಲದಲ್ಲಿ ದಿನವೂ ಇರುವವರಿಂದಷ್ಟೇ ಸಿಗುತ್ತದೆ. ನೀರು ಯಾವಾಗ ಬಿಡುತ್ತಾರೆ, ಯಾವಾಗ ಮೇಲೆತ್ತುತ್ತಾರೆ ಎಂದೂ ಕೇಳಿ. ತೆರೆದ ಗೇಟನ್ನು ಮುಚ್ಚಿ, ಬೆಳೆಯನ್ನು ತುಳಿಯಬೇಡಿ, ನಾಯಿಯನ್ನು ಕರೆದೊಯ್ಯಬೇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹಾಳೆ ಹಾಸಿದ ಹೊಂಡದ ಅಂಚು ಪಾಚಿಯಿಂದ ಜಾರುತ್ತದೆ. ಒಳಗೆ ಬಿದ್ದರೆ ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಕೆಸರೂ ಸೊಂಟದವರೆಗೆ ಎಳೆದುಕೊಳ್ಳಬಹುದು. ಕೆಸರಿಗೆ ಇಳಿಯುವ ಅಗತ್ಯವೇ ಈ ಕೆಲಸದಲ್ಲಿಲ್ಲ.

ಐದನೆಯ ಹೆಜ್ಜೆ: ಹಕ್ಕಿ ಏಳದಂತೆ ಹತ್ತಿರವಾಗುವುದು

ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ ಬರುವ ದಿಕ್ಕನ್ನು ಆರಿಸಿಕೊಳ್ಳಿ. ಬೆಳಕಿಗೆ ಎದುರಾಗಿ ನಿಂತರೆ ಎಲ್ಲ ಗೊರವಗಳೂ ಒಂದೇ ಕಪ್ಪು ನೆರಳು. ಬಿಸಿಲೇರಿದ ಮೇಲೆ ನೆಲದ ಝಳದಲ್ಲಿ ದೂರದ ಹಕ್ಕಿಯ ಅಂಚುಗಳು ಕಲಸಿಹೋಗುತ್ತವೆ. ಎಷ್ಟು ಬೆಲೆಯ ಮಸೂರವೂ ಅದನ್ನು ಸರಿಪಡಿಸದು. 8x42 ಅಥವಾ 10x42 ದುರ್ಬೀನು (ಎಂಟು ಅಥವಾ ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲದ್ದು) ಸಣ್ಣ ಹೊಂಡಕ್ಕೆ ಸಾಕು. ಕಾಲುಮಣೆಯ ಮೇಲಿಟ್ಟು ನೋಡುವ ಒಂಟಿಕಣ್ಣಿನ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಇದ್ದರೆ ದೂರದಲ್ಲೇ ನಿಲ್ಲಬಹುದು, ಅದರ ದೊಡ್ಡ ಲಾಭ ಅದೇ.

ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ಏರಿಯ ಮೇಲೆ ಹತ್ತಿ ನಿಲ್ಲುವುದು. ಆಕಾಶಕ್ಕೆ ಎದುರಾಗಿ ಎದ್ದುನಿಂತ ಮನುಷ್ಯನ ಆಕಾರ ಕಂಡ ಕೂಡಲೇ ಗ್ರೀನ್ ಸ್ಯಾಂಡ್‌ಪೈಪರ್ ಕೂಗುತ್ತ ಎತ್ತರಕ್ಕೆ ಎದ್ದುಹೋಗುತ್ತದೆ, ಆಮೇಲೆ ಬಹಳ ಹೊತ್ತು ಬರುವುದಿಲ್ಲ. ಆದ್ದರಿಂದ ಏರಿಯ ಹಿಂದೆ ಬಾಗಿ ನಡೆದು, ತಲೆಯನ್ನಷ್ಟೇ ಮೆಲ್ಲನೆ ಎತ್ತಿ, ಹತ್ತಿರದ ದಡದಿಂದ ಶುರುಮಾಡಿ ದೂರದ ದಡದವರೆಗೆ ನೋಡಿ. ಹತ್ತಿರದ್ದನ್ನು ಮೊದಲು ನೋಡದಿದ್ದರೆ ಕಾಲಬುಡದಲ್ಲಿದ್ದ ಸ್ನೈಪ್ ಬಟ್ಟೆ ಹರಿದಂತಹ ಸದ್ದು ಮಾಡುತ್ತ ಸೊಟ್ಟಂಬಟ್ಟ ಹಾರಿದ ಮೇಲಷ್ಟೇ ತಿಳಿಯುತ್ತದೆ. ರಸ್ತೆ ಪಕ್ಕದ ಹೊಂಡವಾದರೆ ಕಾರಿನಿಂದ ಇಳಿಯಲೇಬೇಡಿ. ಹಕ್ಕಿಗಳು ವಾಹನಕ್ಕೆ ಹೆದರುವುದು ಮನುಷ್ಯನಿಗೆ ಹೆದರುವುದಕ್ಕಿಂತ ಕಡಿಮೆ.

ಒಂದು ಕಡೆ ಕುಳಿತ ಮೇಲೆ ಅರ್ಧ ಗಂಟೆ ಅಲುಗದಿರಿ. ಮೊದಲ ಐದು ನಿಮಿಷ ಖಾಲಿಯಾಗಿ ಕಂಡ ಕೆಸರಿನಲ್ಲಿ ಹತ್ತನೆಯ ನಿಮಿಷಕ್ಕೆ ಒಂದು ಹೆಂಟೆ ನಡೆಯತೊಡಗುತ್ತದೆ. ನೋಡಿದರೆ ಅದು ಲಿಟಲ್ ರಿಂಗ್ಡ್ ಪ್ಲೋವರ್. ಅದರ ಬೆನ್ನಿನ ಬಣ್ಣ ಒಣ ಮಣ್ಣಿನದೇ.

ಮೇಯುವುದನ್ನು ನಿಲ್ಲಿಸಿ ಕತ್ತು ನೀಳ ಮಾಡಿದರೆ, ತಲೆಯನ್ನು ಮೇಲೆ ಕೆಳಗೆ ಕುಣಿಸತೊಡಗಿದರೆ ಹಕ್ಕಿ ನಿಮ್ಮನ್ನು ಕಂಡು ಕಳವಳಗೊಂಡಿದೆ. ಅಲ್ಲೇ ನಿಲ್ಲಿ, ಇಲ್ಲವೇ ಹಿಂದೆ ಸರಿಯಿರಿ. ಟಿಟ್ಟಿಭಗಳಿರುವ ಹೊಂಡದಲ್ಲಿ ಅವು ಕೂಗಿದರೆ ಇಡೀ ಹೊಂಡವೇ ಎದ್ದುಬಿಡುತ್ತದೆ. ಮೊದಲು ಅವುಗಳ ಮನಸ್ಸು ಗೆಲ್ಲಬೇಕು. ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸುವುದು, ಡ್ರೋನ್ ಹಾರಿಸುವುದು, ಧ್ವನಿಮುದ್ರಿಕೆ ನುಡಿಸುವುದು ಯಾವುದೂ ಬೇಡ. ದೂರದ ಹಾರಾಟಕ್ಕೆ ಮುನ್ನ ಕೆಲವು ಜಾತಿಗಳು ಕೊಬ್ಬು ಕೂಡಿಸಿ ದೇಹತೂಕವನ್ನು ಸುಮಾರು ಎರಡು ಪಟ್ಟು ಮಾಡಿಕೊಳ್ಳುತ್ತವೆ. ನಾವು ಎಬ್ಬಿಸಿದಷ್ಟು ಸಲ ಆ ಉಳಿತಾಯದಲ್ಲಿ ಕಡಿತವಾಗುತ್ತದೆ.

ಆರನೆಯ ಹೆಜ್ಜೆ: ಗುರುತಿಸುವುದು

ಪುಸ್ತಕದ ಎಲ್ಲ ಪುಟಗಳನ್ನು ಒಮ್ಮೆಲೇ ಕಲಿಯಲು ಹೋಗಬೇಡಿ. ಮೊದಲು ಮೇಯುವ ರೀತಿ ನೋಡಿ. ಓಡಿ, ಗಕ್ಕನೆ ನಿಂತು, ಒಂದು ಕುಕ್ಕಿ, ಮತ್ತೆ ಓಡಿದರೆ ಅದು ಪ್ಲೋವರ್. ದೊಡ್ಡ ಕಣ್ಣಿನಿಂದ ಕಂಡು ಹಿಡಿಯುವ ಹಕ್ಕಿ, ಕೊಕ್ಕು ಗಿಡ್ಡ. ತಲೆ ಎತ್ತದೆ ಹೊಲಿಗೆ ಯಂತ್ರದ ಸೂಜಿಯಂತೆ ಚುಚ್ಚುತ್ತ ಹೋದರೆ ಅದು ಸ್ಟಿಂಟ್ ಅಥವಾ ಸ್ನೈಪ್‌ನ ಬಳಗ. ಇವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶದ ನರಗಳಿವೆ, ಕೆಸರಿನೊಳಗಿನ ಹುಳುವನ್ನು ಕಾಣದೆಯೇ ಅರಿಯುತ್ತವೆ. ಸ್ನೈಪ್ ಕೆಸರಿನಲ್ಲಿ ಹೂತ ಕೊಕ್ಕಿನ ತುದಿಯನ್ನಷ್ಟೇ ತೆರೆದು ಹುಳುವನ್ನು ಹಿಡಿಯಬಲ್ಲದು.

ಹೊಂಡಗಳಲ್ಲಿ ಗೊಂದಲ ಎಬ್ಬಿಸುವುದು ಮೂರು ಸ್ಯಾಂಡ್‌ಪೈಪರ್‌ಗಳು. ಕಾಮನ್ ಸ್ಯಾಂಡ್‌ಪೈಪರ್‌ಗೆ ರೆಕ್ಕೆಯ ಮುಂದೆ, ಹೆಗಲಿನ ಬಳಿ ಬಿಳಿಯ ಬೆಣೆಯೊಂದು ಮೇಲಕ್ಕೆ ನುಗ್ಗಿರುತ್ತದೆ. ಹಿಂಬದಿಯನ್ನು ಬಿಡದೆ ಕುಣಿಸುತ್ತದೆ, ನೀರಿಗೆ ಅಂಟಿದಂತೆ ಬಿಗಿಯಾದ ರೆಕ್ಕೆಗಳಿಂದ ಹಾರುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಮೇಲೆ ಗಾಢ ಬಣ್ಣದ್ದು. ಹಾರಿದಾಗ ರೆಕ್ಕೆಯ ಅಡಿಭಾಗ ಕಪ್ಪು, ಬಾಲದ ಬುಡ ಅಚ್ಚ ಬಿಳಿ. ವುಡ್ ಸ್ಯಾಂಡ್‌ಪೈಪರ್‌ಗೂ ಬಾಲದ ಬುಡ ಬಿಳಿಯೇ. ಆದರೆ ಬೆನ್ನು ಚುಕ್ಕೆಚುಕ್ಕೆ, ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು, ರೆಕ್ಕೆಯ ಅಡಿ ಮಾಸಲು. ಗ್ರೀನ್ ಒಂಟಿಗ, ವುಡ್ ಹಲವು ಸಲ ಸಣ್ಣ ಗುಂಪಿನಲ್ಲಿ ಬರುತ್ತದೆ. ಅಮೆರಿಕ ಖಂಡಗಳಲ್ಲಿ ಗ್ರೀನ್‌ನ ಜಾಗದಲ್ಲಿ ಸಾಲಿಟರಿ, ಕಾಮನ್‌ನ ಜಾಗದಲ್ಲಿ ಸ್ಪಾಟೆಡ್ ಸ್ಯಾಂಡ್‌ಪೈಪರ್ ಇರುತ್ತವೆ, ನಡವಳಿಕೆ ಬಹುಮಟ್ಟಿಗೆ ಅದೇ.

ಸ್ಟಿಂಟ್‌ಗಳಲ್ಲಿ ಕಾಲಿನ ಬಣ್ಣ ನೋಡಿ. ಕಪ್ಪು ಕಾಲು, ಬಯಲು ಕೆಸರಿನಲ್ಲಿ ಚುರುಕು ಓಟ ಎಂದರೆ ಲಿಟಲ್ ಸ್ಟಿಂಟ್. ಹಳದಿ ಮಿಶ್ರಿತ ಕಾಲು, ಗುರುತುಗಳಿಲ್ಲದ ಕಂದು ಬೆನ್ನು, ಹುಲ್ಲಿನಂಚಿನಲ್ಲಿ ಇಲಿಯಂತೆ ಕುಗ್ಗಿ ನಡೆದರೆ ಟೆಮ್ಮಿಂಕ್ಸ್. ಆದರೆ ಕೆಸರು ಮೆತ್ತಿದ ಕಾಲು ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ. ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಳ್ಳುವವರೆಗೆ ಕಾಯಿರಿ. ಲಿಟಲ್ ರಿಂಗ್ಡ್ ಪ್ಲೋವರ್‌ನ ಪ್ರಾಯದ ಹಕ್ಕಿಗೆ ಕಣ್ಣಿನ ಸುತ್ತ ಹಳದಿ ಉಂಗುರ ಎದ್ದು ಕಾಣುತ್ತದೆ, ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಇರುವುದಿಲ್ಲ. ಒಂದೇ ಹಿಂಡಿನಲ್ಲಿ ಎರಡು ಗಾತ್ರದ, ಒಂದೇ ಬಗೆಯ ಹಕ್ಕಿಗಳು ಕಂಡರೆ ರಫ್ ಇರಬಹುದೇ ಎಂದು ಯೋಚಿಸಿ. ಅದರ ಗಂಡು ಹೆಣ್ಣಿಗಿಂತ ಬಹಳ ದೊಡ್ಡದು.

ಕಿವಿಯನ್ನೂ ತೆರೆದಿಡಿ. ಗ್ರೀನ್‌ಶ್ಯಾಂಕ್ ‘ಟ್ಯೂ-ಟ್ಯೂ-ಟ್ಯೂ’ ಎಂದು ಸ್ಪಷ್ಟವಾಗಿ ಮೂರು ಸಲ ಕೂಗುತ್ತದೆ. ವುಡ್ ‘ಚಿಫ್-ಇಫ್-ಇಫ್’ ಎನ್ನುತ್ತದೆ, ಲಿಟಲ್ ರಿಂಗ್ಡ್ ಪ್ಲೋವರ್ ಕೊನೆಗೆ ಇಳಿಯುವ ‘ಪಿಯು’ ಎನ್ನುತ್ತದೆ. ಎಷ್ಟೋ ಸಲ ಹಕ್ಕಿ ಹಾರಿಹೋದ ಮೇಲೆ ನಮ್ಮ ಬಳಿ ಉಳಿಯುವ ಸಾಕ್ಷಿ ಆ ಕೂಗೊಂದೇ.

ಮರಿಹಕ್ಕಿಯನ್ನು ಪ್ರಾಯದ ಹಕ್ಕಿಯಿಂದ ಬೇರ್ಪಡಿಸಲು ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ಕಾಲ. ಮರಿಹಕ್ಕಿಯ ಗರಿಗಳೆಲ್ಲ ಒಂದೇ ಕಾಲಕ್ಕೆ ಬೆಳೆದವು, ಅಂಚುಗಳು ಅಚ್ಚುಕಟ್ಟಾಗಿದ್ದು ಬೆನ್ನು ಮೀನಿನ ಪೊರೆಯಂತೆ ಕಾಣುತ್ತದೆ. ಪ್ರಾಯದ ಹಕ್ಕಿಯ ಗರಿಗಳು ಸವೆದು ಹಳೆಯದಾಗಿರುತ್ತವೆ, ನಡುವೆ ಹೊಸ ಬೂದು ಗರಿಗಳು ಬೆರೆತಿರುತ್ತವೆ.

ಏಳನೆಯ ಹೆಜ್ಜೆ: ಬರೆದಿಡಿ, ಮತ್ತೆ ಹೋಗಿ

ದಿನಾಂಕ, ಹೊತ್ತು, ಪ್ರತಿ ಜಾತಿಯ ಎಣಿಕೆ, ಕೆಸರಿನ ಪಟ್ಟಿ ಎಷ್ಟು ಹೆಜ್ಜೆ ಅಗಲ ಎಂಬ ಅಂದಾಜು ಇಷ್ಟನ್ನು ಬರೆಯಿರಿ. ಒಂದೇ ಕಲ್ಲಿನ ಬಳಿ ನಿಂತು ಪ್ರತಿ ಸಲ ಹೊಂಡದ ಒಂದು ಚಿತ್ರ ತೆಗೆಯಿರಿ. ಎರಡು ವರ್ಷ ಕಳೆದ ಮೇಲೆ ಆ ಚಿತ್ರಗಳ ಸಾಲು ನೋಡಿದರೆ ಯಾವ ಮಟ್ಟಕ್ಕೆ ನೀರು ಇಳಿದಾಗ ಹಕ್ಕಿ ಬಂತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಏನೂ ಸಿಗದ ದಿನವನ್ನೂ ಬರೆಯಿರಿ. ಸೊನ್ನೆಯೂ ದಾಖಲೆಯೇ. ಹಕ್ಕಿಯ ಕಾಲಿನಲ್ಲಿ ಸಂಶೋಧಕರು ತೊಡಿಸಿದ ಬಣ್ಣದ ಪಟ್ಟಿ ಅಥವಾ ಬಳೆ ಕಂಡರೆ ಯಾವ ಬಣ್ಣ, ಎಡಗಾಲೋ ಬಲಗಾಲೋ, ಮೊಣಕಾಲಿನಂತೆ ಕಾಣುವ ಗಂಟಿನ ಮೇಲೋ ಕೆಳಗೋ, ಅಕ್ಷರವಿದ್ದರೆ ಏನು ಎಂದು ಗುರುತುಹಾಕಿ, ಬಳೆ ತೊಡಿಸುವ ಸಂಸ್ಥೆಗಳಿಗೆ ತಿಳಿಸಿ. ಪೂರ್ವ ಏಷ್ಯಾ–ಆಸ್ಟ್ರೇಲಿಯಾ ವಲಸೆ ಮಾರ್ಗದಲ್ಲಿ ಪಟ್ಟಿಯ ಬಣ್ಣಗಳೇ ಅದನ್ನು ಎಲ್ಲಿ ತೊಡಿಸಿದರು ಎಂಬುದನ್ನು ಹೇಳುತ್ತವೆ.

ಈ ಟಿಪ್ಪಣಿಗಳ ಬೆಲೆ ದೊಡ್ಡದು. ಜೌಗು ಪ್ರದೇಶಗಳ ರಕ್ಷಣೆಗಾಗಿ ಆದ 1971ರ ರಾಮ್ಸಾರ್ ಅಂತರರಾಷ್ಟ್ರೀಯ ಒಪ್ಪಂದದಡಿ ದೊಡ್ಡ ದೊಡ್ಡ ಜೌಗುಗಳು ಪಟ್ಟಿಗೆ ಸೇರಿವೆ. ಹೊಲದ ಮೂಲೆಯ ಹೊಂಡ ಯಾವ ಪಟ್ಟಿಯಲ್ಲೂ ಇರುವುದಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಅಪಾಯಕ್ಕೆ ಒಡ್ಡಿಕೊಂಡ ಜಾತಿಗಳ ಸಾಲಿಗೆ ಏರಿತು. ವಲಸೆಯ ಹೊತ್ತಿನಲ್ಲಿ ಅದು ಒಮ್ಮೊಮ್ಮೆ ಒಳನಾಡಿನ ಕೆಸರಿನಲ್ಲಿ, ಸ್ಟಿಂಟ್‌ಗಳ ನಡುವೆ ಕೊಕ್ಕು ಬಾಗಿದ ಒಂಟಿ ಹಕ್ಕಿಯಾಗಿ ಕಾಣಿಸಿಕೊಳ್ಳುತ್ತದೆ. ಅದು ಎಲ್ಲಿ ಇಳಿಯಿತು ಎಂದು ಬರೆದಿಡಲು ನೀವೊಬ್ಬರೇ ಅಲ್ಲಿರಬಹುದು.

ವಲಸೆಯ ತಿಂಗಳುಗಳಲ್ಲಿ ಒಂದೇ ಹೊಂಡಕ್ಕೆ ನಾಲ್ಕೈದು ದಿನಕ್ಕೊಮ್ಮೆ ಹೋಗಿ. ಇಂದು ಇದ್ದ ಹಿಂಡು ನಾಳೆ ಇರದಿರಬಹುದು, ನಾಡಿದ್ದು ಬೇರೆಯೇ ಬಂದಿರಬಹುದು. ಮೂರು ಹೊಂಡಗಳನ್ನು ಆರಿಸಿಕೊಳ್ಳಿ: ಬೇಗ ಬತ್ತುವ ಒಂದು, ನಿಧಾನಕ್ಕೆ ಬತ್ತುವ ಒಂದು, ವರ್ಷವಿಡೀ ನೀರಿರುವ ಒಂದು. ಮೊದಲನೆಯದರ ಕೆಸರು ಬಿರುಕು ಬಿಟ್ಟ ವಾರ ಎರಡನೆಯದಕ್ಕೆ ಹೊರಡಿ. ಅದರ ಅಂಚು ಆ ಹೊತ್ತಿಗೆ ತೆರೆದುಕೊಳ್ಳುತ್ತಿರುತ್ತದೆ.